ಉಡದ ಖಂಜಿರ ಬೇಡ ಕಣೋ

ಚಿ. ಶ್ರೀವತ್ಸನಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮತ್ತೆಯ ಮಂಡಿನೋವು ಹಾಗೇ ಇದೆ. ಒಂದು ಕೈಲಿ ಹಿಡಿದು ಇನ್ನೊಂದರಲ್ಲಿ ಬಾರಿಸೋ ಪುಟ್ಟ ಖಂಜಿರ, ಅದೂ ಉಡದ ಚರ್ಮದ್ದು, ಯಾರೋ ಮಾರುತ್ತಿದ್ದಾರೆ, ತಗೊಳ್ಳಲೇ ಅಂತ ಕೇಳಿದ್ದೀಯ. ಬೇಡ. ನಾದ ಚೆನ್ನಾಗಿಲ್ಲ ಅಂತಲ್ಲ. ಅದರ ಗುಮ್ಕಿ, ಆ ಜಾರುವ ಮಂದ್ರದ ದನಿ, ಆಡಿನ ಚರ್ಮಕ್ಕೆ ಬರೋದಿಲ್ಲ, ಒಪ್ಪಿದೆ. ಪುದುಕ್ಕೋಟೆಯ ಮಾಮುಂಡಿಯಾ ಪಿಳ್ಳೈಯವರು ಭಜನೆಯ ಈ ವಾದ್ಯವನ್ನು ಸಂಗೀತ ಕಛೇರಿಗೆ ತಂದ ಕಾಲದಲ್ಲಿ ಉಡದ ಪರವಾಗಿ ಕೇಳುವವರಿರಲಿಲ್ಲ. ಈಗ 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಹುಲಿ, ಆನೆಗಳ ಜೊತೆ ಮೊದಲ ಅನುಸೂಚಿಯಲ್ಲಿದೆ. ಗೇಣಗಲವೂ ಇಲ್ಲದ ಚರ್ಮಕ್ಕೆ ಇಡೀ ಪ್ರಾಣಿ ಹೋಗಬೇಕು. ಹಳೆಯದು ಅಂತ ಅವರು ಹೇಳ್ತಾರೆ, ನಂಬೋದು ಹೇಗೆ?

ನನ್ನ ಮೊದಲ ಖಂಜಿರವೂ ಉಡದ್ದೇ. ಮೇಲೆಲ್ಲ ರಾಗಿ ಚೆಲ್ಲಿದ ಹಾಗೆ ಹುರುಪೆಯ ಗುರುತು. ಒಂದು ರಾಮನವಮಿ, ಪೆಂಡಾಲಿನ ಸೆಕೆಗೆ ಚರ್ಮ ಬಿಗಿದು ಟಣ್ ಟಣ್ ಅನ್ನತೊಡಗಿತು. ಎರಡು ಬೆರಳಲ್ಲಿ ಒಳಗಿನಿಂದ ನೀರು ಸವರಬೇಕಿತ್ತು, ಗಾಬರಿಯಲ್ಲಿ ಲೋಟವನ್ನೇ ಬಗ್ಗಿಸಿಬಿಟ್ಟೆ. ತನಿ, ಅಂದರೆ ಬರೀ ತಾಳವಾದ್ಯಗಳ ಸರದಿ, ಶುರುವಾಗುವಷ್ಟರಲ್ಲಿ ಒದ್ದೆ ಹಪ್ಪಳ! ಮೃದಂಗದವರು ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ಆಮೇಲೆ ಅದು ಸೀಳಿಹೋಯಿತು. ಅದೇ ಹಲಸಿನ ಮರದ ಬಳೆಗೆ ಆಡಿನ ಚರ್ಮ ಹಾಕಿಸಿಕೊಂಡೆ. ಕೈ ಒಗ್ಗಲು ಆರು ತಿಂಗಳು ಬೇಕಾಯಿತು, ಅಷ್ಟೇ.

ಹಾಗಂತ ಚರ್ಮವೇ ಪಾಪ ಅಂತ ಮೂಗು ಮುರಿಯಬೇಡ. ನಿನ್ನ ತಂಗಿಯ ಪಿಟೀಲಿನ ಕಮಾನಿನಲ್ಲಿ ಕುದುರೆ ಬಾಲದ ಕೂದಲಿದೆ. ಹಿಂದೆ ತಂತಿಗಳೂ ಕುರಿ ಕರುಳಿನವೇ, ಹೆಸರು ಮಾತ್ರ ಕ್ಯಾಟ್‌ಗಟ್, ಬೆಕ್ಕಿನ ಪಾಲಿಗೆ ಸುಮ್ಮನೆ ಅಪವಾದ. ನಮ್ಮ ಮೃದಂಗಕ್ಕಂತೂ ದನ, ಆಡು, ಎಮ್ಮೆ ಮೂರರ ಚರ್ಮವೂ ಬೇಕು. ಆಯುಧಪೂಜೆಗೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಕೈ ಮುಗಿಯುತ್ತಿದ್ದ ನಮ್ಮ ಮನೆಯಲ್ಲೇ, ಮುಚ್ಚಿಗೆ, ಅಂದರೆ ಅದರ ಬಾಯಿಗೆ ಬಿಗಿಯುವ ಚರ್ಮ, ಕಟ್ಟಿಕೊಡುವವರಿಗೆ ಜಗಲಿಯ ಆಚೆ ಲೋಟ ಬೇರೆ ಇಡುತ್ತಿದ್ದರು. ನಾನೂ ಅದನ್ನು ಕಂಡು ಸುಮ್ಮನಿದ್ದವನೇ. ನೀನು ಹಾಗಾಗಬೇಡ. ವಾದ್ಯ ಕೊಂಡು ಬರುವುದಕ್ಕಿಂತ ಮೊದಲು ಅದನ್ನು ಕಟ್ಟುವವರ ಪಕ್ಕ ಒಂದು ದಿನ ಕೂತು ನೋಡು. ಚರ್ಮ ಹೆರೆಯುವಾಗ ಎಲ್ಲಿ ತೆಳ್ಳಗಾಯಿತು ಅಂತ ಅವರ ಬೆರಳಿಗೆ ತಿಳಿಯುತ್ತೆ. ನಲವತ್ತು ವರ್ಷ ಬಾರಿಸಿಯೂ ನನಗೆ ಅದು ತಿಳಿಯದು.

ಭಾನುವಾರ ಬಾ, ಜೊತೆಗೇ ಹೋಗೋಣ. ತಿಂಡಿ ಮುಗಿಸಿಕೊಂಡೇ ಬಾ. ಹಸಿ ಚರ್ಮದ ವಾಸನೆ ಕುಡಿದ ಮೇಲೆ ನಿನಗೆ ದೋಸೆ ಸೇರೋದಿಲ್ಲ.

ಇಂತಿ,
ನಿನ್ನ ಮಾವ