ಸೊಂಟದ ಎಕ್ಸ್-ರೇ ಇನ್ನು ಮುಂದೆ ಮಂಪರು ಕೊಟ್ಟ ಮೇಲೆಯೇ: ನಾಯಿ ಸಾಕಿದವರಿಗೆ ಪತ್ರ

ಮಾನ್ಯರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಚಿಕಿತ್ಸಾಲಯದಲ್ಲಿ ಎಚ್ಚರವಿರುವ ನಾಯಿಯನ್ನು ಕೈಯಲ್ಲಿ ಹಿಡಿದು ಸೊಂಟದ ಎಕ್ಸ್-ರೇ ತೆಗೆಯುವುದಿಲ್ಲ. ಆಳವಾದ ಮಂಪರು ಅಥವಾ ಪೂರ್ತಿ ಅರಿವಳಿಕೆ ಕೊಟ್ಟು, ನಾಯಿಯನ್ನು ಅಂಗಾತ ಮಲಗಿಸಿ, ಮರಳಿನ ಚೀಲ ಮತ್ತು ಪಟ್ಟಿಗಳಿಂದ ಅಲುಗದಂತೆ ಇರಿಸಿ, ಎಲ್ಲರೂ ಸೀಸದ ಪರದೆಯ ಹಿಂದೆ ಸರಿದ ಮೇಲೆಯೇ ಚಿತ್ರ ತೆಗೆಯುತ್ತೇವೆ. ಇದರಿಂದ ನಿಮ್ಮ ಸಮಯವೂ ಖರ್ಚೂ ಹೆಚ್ಚಾಗುತ್ತದೆ. ಹಾಗಾಗಿ ಕಾರಣ ವಿವರವಾಗಿ ಹೇಳುವುದು ನಮ್ಮ ಕರ್ತವ್ಯ.

ಈ ಎಕ್ಸ್-ರೇಯಲ್ಲಿ ನಾವು ಹುಡುಕುವ ಸೊಂಟದ ದೋಷ, ಹಿಪ್ ಡಿಸ್‌ಪ್ಲೇಸಿಯಾ, ಮೂಲತಃ ಕೀಲಿನ ಸಡಿಲತೆ. ತೊಡೆ ಮೂಳೆಯ ಗುಂಡು ಸೊಂಟದ ಕುಳಿಯಲ್ಲಿ ಭದ್ರವಾಗಿ ಕೂರದೆ ಜಾರಾಡುತ್ತದೆ, ವರ್ಷಗಳು ಕಳೆದಂತೆ ಅಲ್ಲಿ ಸಂಧಿವಾತ ಬೆಳೆಯುತ್ತದೆ. ಎಚ್ಚರವಿರುವ ನಾಯಿ ಗಾಬರಿಯಿಂದ ತೊಡೆಯ ಸ್ನಾಯುಗಳನ್ನು ಬಿಗಿ ಹಿಡಿಯುತ್ತದೆ. ಆ ಬಿಗಿತವೇ ಗುಂಡನ್ನು ಕುಳಿಯೊಳಕ್ಕೆ ಒತ್ತಿ, ಸಡಿಲ ಕೀಲನ್ನು ಗಟ್ಟಿಯಾಗಿ ತೋರಿಸಿಬಿಡುತ್ತದೆ. ಇಂಥ ಚಿತ್ರ ನಂಬಿ ನಾಯಿಯನ್ನು ತಳಿ ಬೆಳೆಸಲು ಬಿಟ್ಟರೆ ದೋಷ ಮರಿಗಳಿಗೂ ಹೋಗಬಹುದು. ನಮ್ಮನ್ನು ಹೆಚ್ಚು ಕಾಡುವುದು ಇದೇ.

ಸಾಮಾನ್ಯ ಚಿತ್ರಕ್ಕೆ ಹಿಂಗಾಲುಗಳನ್ನು ಹಿಂದಕ್ಕೆ ಪೂರ್ತಿ ಚಾಚಬೇಕು. ಎರಡು ತೊಡೆ ಮೂಳೆಗಳೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಮಂಡಿಗಳನ್ನು ಒಳಕ್ಕೆ ತಿರುಗಿಸಿ ಪಟ್ಟಿ ಸುತ್ತಬೇಕು, ಮಂಡಿಚಿಪ್ಪು ಮೂಳೆಯ ನಟ್ಟನಡುವೆ ಕಾಣಬೇಕು. ತೊಡೆಗಳು ಒಂದರಿಂದೊಂದು ಅಗಲಿದ್ದರೆ ಗುಂಡು ಕುಳಿಯೊಳಕ್ಕೆ ಸರಿದು ದೋಷ ಮರೆಯಾಗುತ್ತದೆ. ಮಂಡಿ ಹೊರಕ್ಕೆ ಹೊರಳಿದ್ದರೆ ತೊಡೆ ಮೂಳೆಯ ಕತ್ತಿನ ಆಕಾರ ಇದ್ದಂತೆ ಕಾಣುವುದಿಲ್ಲ. ಸೊಂಟವೇ ಸ್ವಲ್ಪ ವಾಲಿದ್ದರೆ ಒಂದು ಕುಳಿ ಆಳವಾಗಿಯೂ ಇನ್ನೊಂದು ಚಪ್ಪಟೆಯಾಗಿಯೂ ಕಾಣುತ್ತದೆ. ನೇರವಿದೆಯೇ ಎಂದು ನೀವೂ ಪರೀಕ್ಷಿಸಬಹುದು: ಸೊಂಟದ ಎಲುಬಿನ ಕೆಳಭಾಗದ ಎರಡು ದೊಡ್ಡ ರಂಧ್ರಗಳು ಒಂದೇ ಅಳತೆಯಲ್ಲಿರಬೇಕು, ಮೇಲ್ಭಾಗದಲ್ಲಿ ರೆಕ್ಕೆಯಂತೆ ಹರಡಿದ ಎರಡು ಎಲುಬುಗಳು ಒಂದೇ ಅಗಲವಿರಬೇಕು. ಸೊಂಟದ ಮೇಲ್ತುದಿಯಿಂದ ಮಂಡಿಯವರೆಗೆ ಎಲ್ಲವೂ ಚಿತ್ರದೊಳಗೆ ಬರಬೇಕು. ಇಷ್ಟು ಸರಿಯಾಗಿದ್ದರೆ ಮಾತ್ರ ಗುಂಡಿನ ಅರ್ಧಭಾಗವಾದರೂ ಕುಳಿಯೊಳಗಿದೆಯೇ, ಗುಂಡು ಕುಳಿಯಲ್ಲಿ ಎಷ್ಟು ಕೂತಿದೆ ಎಂದು ಅಳೆಯುವ ನೋರ್‌ಬರ್ಗ್ ಕೋನ 105 ಡಿಗ್ರಿ ಮುಟ್ಟಿದೆಯೇ ಎಂದು ನೋಡುವುದಕ್ಕೆ ಅರ್ಥವಿದೆ. ಒದ್ದಾಡುವ ನಾಯಿಯಲ್ಲಿ ಇವೆಲ್ಲ ಒಟ್ಟಿಗೆ ಕೂಡಿಬರುವುದು ತೀರಾ ಅಪರೂಪ.

ಇನ್ನು ವಿಕಿರಣದ ಮಾತು. ಹಿಡಿದು ನಿಂತವರಿಗೆ ತಗಲುವ ಕಿರಣ ಬಹುಪಾಲು ನಾಯಿಯ ಮೈಯಿಂದ ಚದುರಿ ಬರುವಂಥದ್ದು. ಸೀಸದ ಏಪ್ರನ್ ತಡೆಯುವುದು ಆ ಚದುರಿದ ಕಿರಣವನ್ನು. ನೇರ ಕಿರಣದ ದಾರಿಯಲ್ಲಿ ಕೈ ಇಟ್ಟರೆ ಸೀಸದ ಕೈಗವಸಿನ ಮೇಲೂ ಭರವಸೆ ಇಡುವಂತಿಲ್ಲ. ದೂರ ಎರಡರಷ್ಟಾದರೆ ಕಿರಣದ ಪ್ರಮಾಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಆದ್ದರಿಂದ ದೂರ ನಿಲ್ಲುವುದೇ ಉತ್ತಮ ರಕ್ಷಣೆ. ಒಂದು ಚಿತ್ರದ ಪ್ರಮಾಣ ಚಿಕ್ಕದು, ನಿಜ. ಆದರೆ ನಮ್ಮ ಸಿಬ್ಬಂದಿಗೆ ಇದು ದಿನನಿತ್ಯದ ಕೆಲಸ. ನಿಮ್ಮ ನಾಯಿ ನಿಮ್ಮನ್ನು ಬಿಟ್ಟರೆ ಬೇರೆಯವರ ಮಾತು ಕೇಳುವುದಿಲ್ಲ ಎಂದರೂ ನಿಮ್ಮನ್ನು ಒಳಗೆ ನಿಲ್ಲಿಸಿಕೊಳ್ಳುವುದಿಲ್ಲ. ಮಂಪರು ಹತ್ತುವವರೆಗೆ ಪಕ್ಕದಲ್ಲೇ ಇರಿ, ಆಮೇಲೆ ಹೊರಗೆ ಕಾಯಿರಿ.

ಮಂಪರಿನ ಬಗ್ಗೆ ಭಯ ಸಹಜ. ಮೊದಲು ಹೃದಯ, ಉಸಿರಾಟ ಪರೀಕ್ಷಿಸಿ, ತೂಕ ನೋಡಿ ಪ್ರಮಾಣ ಲೆಕ್ಕ ಹಾಕುತ್ತೇವೆ. ಆರೋಗ್ಯವಂತ ನಾಯಿಗೆ ಸಾಮಾನ್ಯವಾಗಿ ಮಂಪರಿನ ಔಷಧ ಮೆಡೆಟೊಮಿಡಿನ್ ಜೊತೆ ನೋವು ತಗ್ಗಿಸುವ ಬ್ಯೂಟಾರ್ಫನಾಲ್ ಕೊಡುತ್ತೇವೆ. ಮೆಡೆಟೊಮಿಡಿನ್ ಹೃದಯಬಡಿತವನ್ನು ನಿಧಾನಗೊಳಿಸುತ್ತದೆ, ಕೆಲವು ನಾಯಿಗಳು ವಾಂತಿಯನ್ನೂ ಮಾಡುತ್ತವೆ. ಅದಕ್ಕೇ ನಾಡಿ, ಆಮ್ಲಜನಕ, ಮೈಯ ಉಷ್ಣತೆಯ ಮೇಲೆ ನಿಗಾ ಇಡುತ್ತೇವೆ. ಕೆಲಸ ಮುಗಿದ ಮೇಲೆ ಮೆಡೆಟೊಮಿಡಿನ್ ಪರಿಣಾಮ ಇಳಿಸಲು ಅಟಿಪಾಮೆಜೋಲ್ ಕೊಡುತ್ತೇವೆ. ಹೃದಯದ ತೊಂದರೆ ಇರುವ ನಾಯಿಗೆ ಬೇರೆ ಔಷಧ ಬೇಕು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಿನ ದಾರಿ ಕಾಯಲು ವಿಶೇಷ ಎಚ್ಚರ ಬೇಕು. ಎರಡೂ ಸಂಗತಿಗಳನ್ನು ಸಮಯ ಗೊತ್ತುಮಾಡುವಾಗಲೇ ತಿಳಿಸಿ.

ನಿಮ್ಮ ಕಡೆಯಿಂದ ಆಗಬೇಕಾದ್ದು ಇಷ್ಟು. ಬೆಳೆದ ನಾಯಿಗೆ ಬರುವ ಮುನ್ನ 6ರಿಂದ 8 ಗಂಟೆ ಆಹಾರ ಬೇಡ, ಮನೆ ಬಿಡುವವರೆಗೆ ನೀರು ಕೊಡಬಹುದು. ಮರಿಗಳನ್ನು ಅಷ್ಟು ಹೊತ್ತು ಉಪವಾಸ ಕೆಡವಬೇಡಿ, ಎಷ್ಟು ಹೊತ್ತೆಂದು ನಮ್ಮನ್ನು ಕೇಳಿ. ಸಕ್ಕರೆ ಕಾಯಿಲೆಯ ನಾಯಿಗೂ ಹಾಗೆಯೇ, ಮೊದಲು ಕೇಳಿ. ಬರುವ ಮುನ್ನ ಮೂತ್ರ, ಮಲ ಮಾಡಿಸಿ. ಹೆಣ್ಣು ನಾಯಿ ಬೆದೆಯಲ್ಲಿದ್ದಾಗ ಹಾರ್ಮೋನುಗಳಿಂದ ಕೀಲು ಸಡಿಲವಾಗಿ ಕಾಣಬಹುದು, ಆದ್ದರಿಂದ ಬೆದೆ ಮುಗಿದು ಅಥವಾ ಮರಿಗಳು ಹಾಲು ಬಿಟ್ಟು ಮೂರು ನಾಲ್ಕು ವಾರ ಕಳೆದ ಮೇಲೆ ಬನ್ನಿ.

ಪ್ರಮಾಣಪತ್ರಕ್ಕಾಗಿ ತೆಗೆಸುವುದಾದರೆ ವಯಸ್ಸು ಮುಖ್ಯ. ನಾಯಿಗಳ ಕೀಲುಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಅಮೆರಿಕದ ಓಎಫ್‌ಎ ಸಂಸ್ಥೆಯ ಅಂತಿಮ ಪ್ರಮಾಣಪತ್ರಕ್ಕೆ 24 ತಿಂಗಳು ತುಂಬಿರಬೇಕು. ಮರಿ ವಯಸ್ಸಿನಲ್ಲೇ ಸಡಿಲತೆ ಅಳೆಯಬೇಕಿದ್ದರೆ ಪೆನ್‌ಹಿಪ್ ವಿಧಾನವನ್ನು 16 ವಾರದಿಂದಲೇ ಮಾಡಿಸಬಹುದು. ಕಾಲು ಚಾಚಿದಾಗ ಕೀಲಿನ ಪೊರೆ ಬಿಗಿದು ಸಡಿಲತೆ ಅಡಗುವುದರಿಂದ ಅಲ್ಲಿ ಬೇರೆ ಭಂಗಿ ಬಳಸುತ್ತಾರೆ. ನಾಯಿಯ ಚರ್ಮದಡಿ ಇಟ್ಟ ಗುರುತಿನ ಮೈಕ್ರೋಚಿಪ್ ಸಂಖ್ಯೆ, ದಿನಾಂಕ, ಎಡ ಬಲದ ಗುರುತು ಚಿತ್ರ ತೆಗೆಯುವಾಗಲೇ ಅದರಲ್ಲಿ ದಾಖಲಾಗುತ್ತವೆ. ಹಾಗಾಗಿ ಮೈಕ್ರೋಚಿಪ್‌ನ ಕಾಗದವನ್ನೂ ಹಳೆಯ ಚಿತ್ರಗಳಿದ್ದರೆ ಅವನ್ನೂ ತನ್ನಿ.

ಭಂಗಿ ಸರಿಬರದೆ ಮತ್ತೆ ತೆಗೆಯಬೇಕಾದರೆ ಅದಕ್ಕೆ ಬೇರೆ ಶುಲ್ಕವಿಲ್ಲ. ಅರ್ಧ ದಿನ ಬಿಡುವು ಇಟ್ಟುಕೊಂಡು ಬನ್ನಿ. ನಾಯಿ ತಾನಾಗಿ ಎದ್ದು ನಡೆದ ಮೇಲೆಯೇ ಮನೆಗೆ ಕಳಿಸುತ್ತೇವೆ. ಆ ದಿನ ಮೆಟ್ಟಿಲು ಹತ್ತಿಸಬೇಡಿ, ರಾತ್ರಿ ಸ್ವಲ್ಪವೇ ಊಟ ಹಾಕಿ.

ಇಂತಿ,
ಚಿಕಿತ್ಸಾಲಯದ ವೈದ್ಯರು ಮತ್ತು ಸಿಬ್ಬಂದಿ