ಸರಪಳಿಯೂ ಇರಲಿ, ರೋವರೂ ಬರಲಿ

ಮಾನ್ಯ ಸಂಪಾದಕರೇ,

ನನ್ನ ತಂಗಿಯ ಮಗ ಸಿವಿಲ್ ಬಿ.ಇ. ಮುಗಿಸಿ ಪರವಾನಗಿ ಭೂಮಾಪಕರ ಪರೀಕ್ಷೆಗೆ ಓದುತ್ತಿದ್ದಾನೆ. ಅವನ ಗೈಡ್ ತಿರುವಿ ನೋಡಿದೆ. ಸರಪಳಿ, ಕ್ರಾಸ್ ಸ್ಟಾಫ್, ಪ್ಲೇನ್ ಟೇಬಲ್‌ನಂಥ ಹಳೇ ಅಳತೆ ಸಾಧನಗಳ ಬಗ್ಗೆ ಪುಟಗಟ್ಟಲೆ ಇದೆ. ಜಿಪಿಎಸ್ ಬಗ್ಗೆ ಇರುವುದು ಅದರ ಪೂರ್ಣ ಹೆಸರು ಕೇಳುವ ಪ್ರಶ್ನೆ ಮಾತ್ರ. ಹೊಲದಲ್ಲಿ ನೋಡಿದರೆ ಈಗ ರೋವರ್ ಬಂದಿದೆ, ಅಂದರೆ ಉಪಗ್ರಹದ ಸಿಗ್ನಲ್ ಹಿಡಿದು ಅಳೆಯುವ, ಕೈಯಲ್ಲಿ ಒಯ್ಯುವ ಉಪಕರಣ. ಸರ್ವೆ ಆಫ್ ಇಂಡಿಯಾದ ಸ್ಥಿರ ಕೇಂದ್ರಗಳ ನೆರವಿದ್ದರೆ ಕೆಲವೇ ಸೆಂಟಿಮೀಟರ್ ವ್ಯತ್ಯಾಸದಲ್ಲಿ ಜಾಗ ಗುರುತಿಸುತ್ತದೆ.

ಹಾಗಂತ ಸರಪಳಿ ಪಾಠ ತೆಗೆದುಹಾಕಿ ಅನ್ನುತ್ತಿಲ್ಲ. ನಮ್ಮ ಹಳೇ ಟಿಪ್ಪಣಿಗಳು (ಜಮೀನಿನ ಅಳತೆ ಬರೆದಿಟ್ಟ ಸರ್ವೆ ದಾಖಲೆಗಳು) ಸರಪಳಿ, ಆಣೆ ಲೆಕ್ಕದಲ್ಲೇ ಇವೆ. 33 ಅಡಿಗೆ ಒಂದು ಸರಪಳಿ, ಅದರಲ್ಲಿ 16 ಆಣೆ. ಉದ್ದಕ್ಕೊಂದು ಸರಪಳಿ, ಅಗಲಕ್ಕೊಂದು ಸರಪಳಿ ಇದ್ದರೆ ಒಂದು ಗುಂಟೆ. ಒಂದು ಆಣೆ ಅಂದರೆ ಸುಮಾರು 63 ಸೆಂ.ಮೀ. ಆಣೆಯಲ್ಲಿ ಬರೆದಿಟ್ಟ ಗಡಿಯನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಹುಡುಕಿದರೆ ಒಂದಡಿ ಆಚೀಚೆ ಬರುವುದು ಸಹಜ. ಆ ಒಂದಡಿ ಒತ್ತುವರಿಯೋ, ಹಳೇ ಅಳತೆಯ ಮಿತಿಯೋ? ಬಾಂದು ಕಲ್ಲು, ಬದು ನೋಡಿ ಇದನ್ನು ಹೇಳಲು ಬಾರದವರ ಕೈಗೆ ರೋವರ್ ಕೊಟ್ಟರೆ ಸುಮ್ನೆ ಅಣ್ಣತಮ್ಮಂದಿರ ನಡುವೆ ಜಗಳ ಹಚ್ಚಿದಂತೆ. ಪರೀಕ್ಷೆಯಲ್ಲಿ ಕೇಳಬೇಕಾದ್ದು ಇದನ್ನೇ ಅಲ್ವಾ? ಒಂದು ಹಳೇ ಟಿಪ್ಪಣಿ ಕೊಡಲಿ, ಅದೇ ಜಮೀನಿನ ರೋವರ್ ರೀಡಿಂಗೂ ಕೊಡಲಿ. ಗಡಿ ಎಲ್ಲಿ ತೋರಿಸುತ್ತೀರಿ, ಯಾಕೆ ಅಂತ ಬರೆಸಲಿ.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ತೊಂದರೆ ಇದೆ. ಅಡಿಕೆ ತೋಟದ ಒಳಗೆ ರೋವರ್‌ಗೆ ಉಪಗ್ರಹದ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಪರದೆಯ ಮೇಲೆ ‘ಫಿಕ್ಸ್’ (ಜಾಗ ಖಚಿತವಾಗಿ ಸಿಕ್ಕಿದೆ) ಹೋಗಿ ‘ಫ್ಲೋಟ್’ (ಇನ್ನೂ ಅಂದಾಜು ಮಾತ್ರ) ಅಂತ ಬರುತ್ತದೆ. ಆಗಲೂ ಅಂಕಿ ತೋರಿಸುತ್ತಲೇ ಇರುತ್ತದೆ, ಆದರೆ ಅದನ್ನು ನಂಬಿ ಕಲ್ಲು ನೆಡುವಂತಿಲ್ಲ. ತೋಟದ ಹೊರಗೆ ಬಯಲಲ್ಲಿ ಬಿಂದುಗಳನ್ನು ಹಿಡಿದು, ಅಲ್ಲಿಂದ ಟೋಟಲ್ ಸ್ಟೇಷನ್ (ಉಪಗ್ರಹದ ನೆರವಿಲ್ಲದೆ ಕೋನ, ದೂರ ಅಳೆಯುವ ಉಪಕರಣ) ಇಟ್ಟುಕೊಂಡು ಒಳಗೆ ಅಳೆಯಬೇಕು. ಇದು ಗೈಡ್ ಓದಿ ಬರುವ ವಿದ್ಯೆ ಅಲ್ಲ.

ಕಾಲುವೆ, ಚರಂಡಿ ಕೆಲಸಕ್ಕೆ ಹೋಗುವ ಸಿವಿಲ್‌ನವರಿಗೆ ಎತ್ತರದ ವಿಷಯವೂ ಗೊತ್ತಿರಬೇಕು. ಉಪಗ್ರಹದಿಂದ ನೇರವಾಗಿ ಸಿಗುವ ಎತ್ತರ ಸಮುದ್ರಮಟ್ಟದ ಲೆಕ್ಕದ್ದಲ್ಲ. ಬೆಂಗಳೂರಿನಲ್ಲಿ ಎರಡಕ್ಕೂ 80 ಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದೆ. ಊರಿಂದ ಊರಿಗೆ ಅದು ಬದಲಾಗುತ್ತದೆ ಕೂಡ.

ಬರೀ ಟಿಕ್ ಹಾಕಿಸುವ ಪ್ರಶ್ನೆಗಳಿಂದ ಇದನ್ನೆಲ್ಲ ಅಳೆಯಲು ಆಗುವುದಿಲ್ಲ. ಪರವಾನಗಿ ಕೊಡುವ ಮುಂಚೆ ಅರ್ಧ ದಿನವಾದರೂ ಹೊಲದಲ್ಲಿ, ತೋಟದಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಲಿ. ಮುಂದಿನ ಅಧಿಸೂಚನೆಯ ಪಠ್ಯಕ್ರಮದಲ್ಲೇ ಇದನ್ನು ಸೇರಿಸಬೇಕೆಂದು ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುತ್ತೇನೆ.

— ಒಬ್ಬ ಸಿವಿಲ್ ಎಂಜಿನಿಯರ್, ತೀರ್ಥಹಳ್ಳಿ