ಮಳೆ ಹಿಡಿಯುವ ಮೊದಲು ಒಂದು ದಿನ ಕೊಡಿ: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ನಾಪೋಕ್ಲು ಕಡೆ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಕರೆಂಟ್ ಹೋದರೆ ಅರ್ಧ ಗಂಟೆ ಎಳೆಯುವ ಒಂದು ಯುಪಿಎಸ್. ಆರ್‌ಟಿಸಿ ಅಂದರೆ ಜಮೀನಿನ ಪಹಣಿ, ಪಾನ್ ಕಾರ್ಡ್, ಬಸ್ ಪಾಸ್, ಏನು ಬೇಕೋ ಅದಕ್ಕೆ ಅರ್ಜಿ ಹಾಕಿಕೊಡುತ್ತೇನೆ. ಆದರೆ ಕಾಲೇಜು ಶುರುವಾಯಿತು ಅಂದರೆ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆ ಒಂದೇ. "ಅಕ್ಕಾ, ಎಸ್‌ಎಸ್‌ಪಿ ಓಪನ್ ಆಯ್ತಾ?"

ಎಸ್‌ಎಸ್‌ಪಿ ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಪೋರ್ಟಲ್. ಇದು ನಿಮಗೆ ಹೇಳಬೇಕಾದ ವಿಷಯವಲ್ಲ. ಆದರೆ ಈ ಪತ್ರವನ್ನು ಮಕ್ಕಳೂ, ಅವರ ಅಪ್ಪ ಅಮ್ಮನೂ ಓದಲಿ ಅನ್ನುವುದು ನನ್ನ ಆಸೆ. ಹಾಗಾಗಿ ನಿಮಗೆ ಗೊತ್ತಿರುವುದೂ ನಡುನಡುವೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಯೋಜನೆ ಏನೂ ಬೇಡ. ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ, ಪ್ರತಿ ಹೋಬಳಿಯಲ್ಲಿ ಒಂದು ದಿನ ನಾಡಕಚೇರಿಯವರು, ಆಧಾರ್‌ನವರು, ಬ್ಯಾಂಕಿನವರು ಒಂದೇ ಸೂರಿನಡಿ ಕೂರುವ ಹಾಗೆ ಮಾಡಿ. ಕಾಲೇಜಿಗೆ ಸೇರುವ ಮಕ್ಕಳ ಕಾಗದಪತ್ರ ಅವತ್ತೇ ಸರಿಯಾಗಲಿ. ಅಷ್ಟೇ.

ಯಾಕೆ ಅಂತ ಕೇಳಿ.

ಹೋದ ಮಳೆಗಾಲದಲ್ಲಿ ಬಿಕಾಂ ಎರಡನೇ ವರ್ಷದ ಒಬ್ಬಳು ಹುಡುಗಿ ಬಂದಳು. ಜೊತೆಗೆ ಅಪ್ಪ. ತೋಟದ ಲೈನ್ ಮನೆಯಲ್ಲಿ ಇರುವವರು. ಕೊಡೆ ಮಡಚಿ ಬಾಗಿಲ ಹೊರಗೇ ಇಟ್ಟು, ಅಂಗಿಯೊಳಗಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಕವರಿನೊಳಗೆ ಇನ್ನೊಂದು ಕವರ್. ಅದರೊಳಗೆ ಪಾಸ್‌ಬುಕ್. ಹಿಂದಿನ ವರ್ಷದ ವಿದ್ಯಾರ್ಥಿವೇತನ ಬಿಡುಗಡೆ ಆಗಿದೆ ಅಂತ ಪೋರ್ಟಲ್ ತೋರಿಸುತ್ತಿದೆ, ಪಾಸ್‌ಬುಕ್ಕಿನಲ್ಲಿ ಮಾತ್ರ ಏನೂ ಇಲ್ಲ. ಬ್ಯಾಂಕಿಗೆ ಎರಡು ಸಲ ಹೋಗಿ ಬಂದಿದ್ದರು. ಅಂದರೆ ಎರಡು ದಿನದ ಕೂಲಿ ಹೋಯಿತು. ಬ್ಯಾಂಕಿನವರು ಎರಡೂ ಸಲ ಹೇಳಿದ್ದು ಒಂದೇ ಮಾತು: "ಆಧಾರ್ ಲಿಂಕ್ ಆಗಿದೆಯಲ್ಲಾ, ನಮ್ಮದೇನೂ ತೊಂದರೆ ಇಲ್ಲ."

ಆ ಮಾತು ಸುಳ್ಳೇನಲ್ಲ. ಆದರೆ ಖಾತೆಗೆ ಆಧಾರ್ ನಂಬರ್ ಕೊಡುವುದು ಬೇರೆ, ಸರ್ಕಾರದ ದುಡ್ಡು ಇದೇ ಖಾತೆಗೆ ಬರಲಿ ಅಂತ ಜೋಡಿಸುವುದು ಬೇರೆ. ಎರಡನೆಯದಕ್ಕೆ ಸೀಡಿಂಗ್ ಅನ್ನುತ್ತಾರೆ. ಒಂದು ಆಧಾರಿಗೆ ಒಂದೇ ಖಾತೆ ಹೀಗೆ ಜೋಡಿಯಾಗಿರುತ್ತದೆ, ದುಡ್ಡು ಅಲ್ಲಿಗೇ ಹೋಗುತ್ತದೆ. ಅರ್ಜಿಯ ಜೊತೆ ಯಾವ ಪಾಸ್‌ಬುಕ್ಕಿನ ಜೆರಾಕ್ಸ್ ಕೊಟ್ಟಿದ್ದೀರಿ ಅನ್ನುವುದು ಲೆಕ್ಕಕ್ಕೇ ಇಲ್ಲ. ಆಧಾರ್‌ನ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡೋಣ ಅಂದೆ. ಅದಕ್ಕೆ ಒಟಿಪಿ ಬೇಕು. ಒಟಿಪಿ ಹೋಗುವುದು ಯಾವತ್ತೋ ಬಿಸಾಡಿದ ಸಿಮ್ಮಿಗೆ. ಆಧಾರಿಗೆ ಹೊಸ ನಂಬರ್ ಹಾಕಿಸಲು ಇನ್ನೊಂದು ದಿನ, ಇನ್ನೊಂದು ಬಸ್ಸು. ಕೊನೆಗೆ ಸಿಕ್ಕಿದ್ದು ಏನು? ಅವಳು ಹೈಸ್ಕೂಲಿನಲ್ಲಿದ್ದಾಗ ಬೇರೊಂದು ಬ್ಯಾಂಕಿನಲ್ಲಿ ತೆರೆದಿದ್ದ ಝೀರೋ ಬ್ಯಾಲೆನ್ಸ್ ಖಾತೆ. ಅದು ಎಷ್ಟೋ ದಿನದಿಂದ ನಿದ್ದೆ ಮಾಡುತ್ತಿತ್ತು.

ತಪ್ಪು ಯಾರದ್ದು? ನನ್ನ ಲೆಕ್ಕದಲ್ಲಿ ಯಾರದ್ದೂ ಅಲ್ಲ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅದೇ ತೊಂದರೆ. ಹೇಳಬೇಕಾದವರು ಮೂರು ಬೇರೆ ಬೇರೆ ಊರಿನಲ್ಲಿ, ಮೂರು ಬೇರೆ ಬೇರೆ ಕೌಂಟರಿನಲ್ಲಿ ಕೂತಿದ್ದಾರೆ.

ಹೆಸರಿನ ಗೋಳು ಇನ್ನೊಂದು. ಇದು ನಮ್ಮ ಜಿಲ್ಲೆಯಲ್ಲಿ ಜಾಸ್ತಿ. ಕೊಡವ ಮಕ್ಕಳಿಗೆ ಮನೆಪೆದ, ಅಂದರೆ ಮನೆತನದ ಹೆಸರು, ಇರುತ್ತದಲ್ಲ, ಆಧಾರಿನಲ್ಲಿ ಅದು ಪೂರ್ತಿ ಇರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಜಾತಿ ಆದಾಯ ಪತ್ರದಲ್ಲಿ ಮನೆಪೆದವೇ ಇಲ್ಲ. ಮೂರೂ ಒಬ್ಬಳೇ ಹುಡುಗಿ ಅಂತ ನನಗೆ ಗೊತ್ತು, ನಿಮಗೂ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ.

ಜಾತಿ ಆದಾಯ ಪತ್ರ ಅಂದ ಕೂಡಲೇ ಆರ್‌ಡಿ ನಂಬರ್. ಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ಆ ಉದ್ದನೆಯ ನಂಬರ್ ಇಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಆದಾಯದ ಪತ್ರ 5 ವರ್ಷ ನಡೆಯುತ್ತದೆ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದು ಸರಿಯಾಗಿ ಡಿಗ್ರಿಗೆ ಸೇರುವ ಹೊತ್ತಿಗೆ ಮುಗಿಯುತ್ತದೆ. ಮನೆಯವರು ಅದನ್ನು ಲ್ಯಾಮಿನೇಷನ್ ಮಾಡಿಸಿ ಜೋಪಾನವಾಗಿ ಇಟ್ಟಿರುತ್ತಾರೆ, ಪಾಪ. ಅವಧಿ ಮುಗಿದಿದೆ ಅಂತ ಹೇಳುವಾಗ ನನಗೇ ಒಂಥರಾ ಆಗುತ್ತದೆ.

ಸಣ್ಣ ಬೆಳೆಗಾರರ ಮಕ್ಕಳ ಕಥೆ ಇದಕ್ಕಿಂತ ಸಿಕ್ಕು. 2021ರಲ್ಲಿ ರೈತರ ಮಕ್ಕಳಿಗೆ ರಾಜ್ಯ ಸರ್ಕಾರದ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನ ಬಂದಾಗ ನಮ್ಮ ಕಡೆಯೂ ಖುಷಿಪಟ್ಟರು. ಆಗ ಹೇಳಿದ್ದು, ಡಿಗ್ರಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಇಂಜಿನಿಯರಿಂಗ್, ಮೆಡಿಕಲ್ ಆದರೆ 10,000 ಮತ್ತು 11,000. ಆದರೆ ಅಪ್ಪನಿಗೋ ಅಮ್ಮನಿಗೋ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ನಂಬರ್, ಇರಬೇಕು. ಅದಕ್ಕೆ ಆರ್‌ಟಿಸಿಯಲ್ಲಿ ಹೆಸರಿರಬೇಕು. ಜಮ್ಮಾ ಜಾಗದ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಆರ್‌ಟಿಸಿಯಲ್ಲಿ ಯಾರ ಹೆಸರಿರುತ್ತದೆ? ಒಕ್ಕದ, ಅಂದರೆ ಇಡೀ ಮನೆತನದ, ಹಿರಿಯನಾದ ಪಟ್ಟೆದಾರನದು. ಎಷ್ಟೋ ಕಡೆ ಅವರು ತೀರಿಹೋಗಿ ಒಂದು ತಲೆಮಾರೇ ಕಳೆದಿದೆ. ತೋಟದಲ್ಲಿ ದುಡಿಯುವ ಅಪ್ಪ ಕಾಗದದ ಮೇಲೆ ರೈತನೇ ಅಲ್ಲ. ಜಮ್ಮಾ ಸಮಸ್ಯೆಯನ್ನು ಈ ಒಂದು ಪತ್ರದಲ್ಲಿ ಬಿಡಿಸಿ ಅಂತ ನಾನು ಕೇಳುತ್ತಿಲ್ಲ, ಅಷ್ಟು ದಡ್ಡಿಯಲ್ಲ. ಆದರೆ ಅದು ಸಾಲ, ಪರಿಹಾರದಲ್ಲಿ ಮಾತ್ರವಲ್ಲ, ಮಕ್ಕಳ ಓದಿನಲ್ಲೂ ಅಡ್ಡ ಬರುತ್ತಿದೆ ಅನ್ನುವುದು ನಿಮ್ಮ ಕಿವಿಗೆ ಬೀಳಲಿ.

ಇನ್ನು ಫೀಸು. ನಮ್ಮಲ್ಲಿ ಕಾಫಿ ಕೊಯ್ಲು ಮುಗಿದು ದುಡ್ಡು ಕೈಗೆ ಬರುವುದು ಫೆಬ್ರವರಿ, ಮಾರ್ಚಿನಲ್ಲಿ. ಕಾಲೇಜಿನವರು ಫೀಸು ಕೇಳುವುದು ಮಳೆಗಾಲದಲ್ಲಿ. ಆಗ ಬೆಳೆಗಾರನ ಕೈಯೂ ಖಾಲಿ, ಜೋರು ಮಳೆಗೆ ತೋಟದ ಕೆಲಸ ನಿಂತು ಕೂಲಿಯವರ ಕೈಯೂ ಖಾಲಿ. ವಿದ್ಯಾರ್ಥಿವೇತನ ಬರುವುದಂತೂ ಎಲ್ಲ ಆದ ಮೇಲೆ. ಹಾಗಾಗಿ ಮೊದಲು ಸಾಲ ಮಾಡಿ ಕಟ್ಟುತ್ತಾರೆ. ಕೆಲವರು ಒಡವೆ ಇಡುತ್ತಾರೆ.

ಬ್ಯಾಂಕಿನ ಶಿಕ್ಷಣ ಸಾಲ ಇದೆಯಲ್ಲ ಅನ್ನಬಹುದು. ಇದೆ. 4 ಲಕ್ಷದವರೆಗೆ ಅಡಮಾನ ಕೇಳುವ ಹಾಗಿಲ್ಲ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು, ಮಾನ್ಯತೆ ಇರುವ ಕಾಲೇಜಿನಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆಯೂ ಇದೆ. ಆದರೆ ಹೋದ ವರ್ಷ ನನ್ನ ಅಕ್ಕನ ಮಗ ನರ್ಸಿಂಗ್ ಸಾಲಕ್ಕೆ ಹೋದಾಗ ಕೌಂಟರಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಆರ್‌ಟಿಸಿ ತಂದಿದ್ದೀರಾ?" ಅವನು ಕೇಳಿದ್ದು ಬರೀ 3 ಲಕ್ಷ. ಅವತ್ತು ವಾಪಸ್ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬ್ಯಾಂಕಿನ ಹೆಸರು ಇಲ್ಲಿ ಬೇಡ. ಜಿಲ್ಲೆಯ ಬ್ಯಾಂಕುಗಳನ್ನೆಲ್ಲ ಒಟ್ಟು ಸೇರಿಸುವ ಲೀಡ್ ಬ್ಯಾಂಕಿನ ಸಭೆಯಲ್ಲಿ ಎಲ್ಲ ಮ್ಯಾನೇಜರ್‌ಗಳೂ ಕೂತಿರುತ್ತಾರಲ್ಲ, ಅಲ್ಲಿ ಈ 4 ಲಕ್ಷದ ಮಾತನ್ನು ಒಂದು ಸಲ ಗಟ್ಟಿಯಾಗಿ ಹೇಳಿದರೆ ಸಾಕು.

ಮಧ್ಯೆ ಒಂದು ಮಾತು, ಇದು ಪೋಷಕರಿಗೆ. ಕೇಂದ್ರದ ವಿದ್ಯಾರ್ಥಿವೇತನಗಳು ಎನ್‌ಎಸ್‌ಪಿ ಅನ್ನುವ ಬೇರೆ ಪೋರ್ಟಲಿನಲ್ಲಿವೆ. ಎಸ್‌ಎಸ್‌ಪಿ ಹಾಕಿದರೆ ಅದೂ ತಾನಾಗಿ ಬರುತ್ತದೆ ಅಂದುಕೊಂಡವರು ನನ್ನ ಅಂಗಡಿಗೇ ಎಷ್ಟೋ ಜನ ಬಂದಿದ್ದಾರೆ. ಬರುವುದಿಲ್ಲ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದರೆ, ಮನೆಯ ಆದಾಯ 4.5 ಲಕ್ಷದೊಳಗಿದ್ದರೆ, ಅಲ್ಲಿ ಡಿಗ್ರಿಗೆ ವರ್ಷಕ್ಕೆ 12,000 ಕೊಡುವ ಒಂದು ಯೋಜನೆ ಇದೆ. ಬೇರೆ ವಿದ್ಯಾರ್ಥಿವೇತನ ಸಿಗುತ್ತಿದ್ದರೆ ಇದು ಸಿಗುವುದಿಲ್ಲ, ಹಾಗಾಗಿ ಯಾವುದು ಲಾಭ ಅಂತ ಕೂತು ಲೆಕ್ಕ ಹಾಕಿ. ಆಮೇಲೆ ಅರ್ಜಿ ಹಾಕಿದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಕಾಲೇಜಿನವರು ತಮ್ಮ ಕಡೆಯಿಂದ ದೃಢೀಕರಿಸದಿದ್ದರೆ ಅದು ಅಲ್ಲೇ ಕೊಳೆಯುತ್ತದೆ. ಹೋಗಿ ಕೇಳಿ. ನಾಚಿಕೆ ಬೇಡ.

ಮತ್ತೆ ನಿಮ್ಮ ಕಡೆಗೆ ಬರುತ್ತೇನೆ. ಮೇ ತಿಂಗಳೇ ಯಾಕೆ ಅಂದರೆ, ಆರ್‌ಡಿ ನಂಬರ್, ಹೆಸರು ತಿದ್ದುವುದು, ಮೊಬೈಲ್ ನಂಬರ್, ಸೀಡಿಂಗ್, ಇದ್ಯಾವುದಕ್ಕೂ ಪೋರ್ಟಲ್ ಓಪನ್ ಆಗಬೇಕಾಗಿಲ್ಲ. ಮೊದಲೇ ಮಾಡಿಡಬಹುದು. ಮಳೆಗಾಲಕ್ಕೆ ಸೌದೆ, ಒಣಮೀನು ಕೂಡಿಡುವ ಊರು ನಮ್ಮದು, ಕಾಗದಪತ್ರವನ್ನೂ ಹಾಗೇ ಕೂಡಿಡೋಣ ಅಂತ. ಕಕ್ಕಡ ತಿಂಗಳಿನ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಏನಾಗುತ್ತದೆ ಅಂತ ನೀವೇ ನೋಡಿದ್ದೀರಿ. ಮರ ಬಿದ್ದು ಕರೆಂಟ್ ಹೋದರೆ ಎರಡು ಮೂರು ದಿನ ಸುದ್ದಿಯಿಲ್ಲ. ಟವರ್ ಬ್ಯಾಟರಿ ಮುಗಿದರೆ ಒಟಿಪಿ ಬರುವುದಿಲ್ಲ. ಭಾಗಮಂಡಲದ ಕಡೆ ರಸ್ತೆಗೆ ನೀರು ಬಂದರೆ ಬಸ್ಸೂ ಇಲ್ಲ. ಕೊನೆಯ ದಿನಾಂಕ ಬೆಂಗಳೂರಿನಲ್ಲಿ ಬರೆಯುತ್ತಾರೆ, ಅವರಿಗೆ ನಮ್ಮ ಮಳೆ ಗೊತ್ತಿಲ್ಲ.

ಹಾಡಿಗಳನ್ನು, ಅಂದರೆ ಬುಡಕಟ್ಟು ಜನರ ವಾಸದ ಜಾಗಗಳನ್ನು, ಮಾತ್ರ ಮರೆಯಬೇಡಿ. ಯರವ, ಜೇನುಕುರುಬ ಮಕ್ಕಳಲ್ಲಿ ಪಿಯುಸಿ ದಾಟಿದವರೇ ಕಡಿಮೆ. ದಾಟಿದವರಿಗೆ ಹೋಬಳಿಗೆ ಬನ್ನಿ ಅಂದರೆ ಸಾಲದು, ಅವರಿದ್ದಲ್ಲಿಗೆ ಒಂದು ಜೀಪು ಹೋಗಬೇಕು.

ಇದರಿಂದ ನನ್ನ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಅಂತ ನಮ್ಮ ಮನೆಯವರು ನಗುತ್ತಿದ್ದಾರೆ. ಬೀಳಲಿ. ಒಂದೇ ಅರ್ಜಿಯನ್ನು ಐದು ಸಲ ತಿದ್ದಿ, ಐದು ಸಲ ದುಡ್ಡು ತೆಗೆದುಕೊಳ್ಳುವಾಗ ಆ ಅಪ್ಪಂದಿರ ಮುಖ ನೋಡಲು ಆಗುವುದಿಲ್ಲ. ನಾಪೋಕ್ಲುವಿನಲ್ಲಿ ಶಿಬಿರ ಇಟ್ಟರೆ ನನ್ನ ಪ್ರಿಂಟರ್ ಹೊತ್ತು ತರುತ್ತೇನೆ. ಪೇಪರೂ ನನ್ನದೇ. ಜನರೇಟರ್ ಮಾತ್ರ ನಿಮ್ಮ ಕಡೆಯಿಂದ ಇರಲಿ.

ಇಂತಿ,
ನಾಪೋಕ್ಲು ಕಡೆಯ ಜೆರಾಕ್ಸ್ ಅಂಗಡಿಯವಳು